ಹೊಲದ ಮೊಲಗಳು ಯಾಕೆ ಕಮ್ಮಿ ಆಗುತ್ತಿವೆ? ನಿಮ್ಮ ಕಡೆ ಹೇಗಿದೆ?

ಹಿರಿಯೂರು ಹೊಲ

ಎಲ್ಲರಿಗೂ ನಮಸ್ಕಾರ. ನಮ್ಮದು ಹಿರಿಯೂರು ತಾಲ್ಲೂಕಿನ ಮಳೆ ಆಶ್ರಯದ ಊರು. ಮೊದಲು ಶೇಂಗಾ, ಸಜ್ಜೆ, ಹುರುಳಿ, ತೊಗರಿ ಬೆಳೆಯುತ್ತಿದ್ದ ಕಡೆ ಈಗ ಮೆಕ್ಕೆಜೋಳ, ದಾಳಿಂಬೆ, ಅಡಿಕೆ. ಆಗೆಲ್ಲ ಕಳೆ ತೆಗೆಯಲು ಹೋದರೆ ಒಂದಾದರೂ ಮೊಲ ಕಾಲಬುಡದಿಂದ ಎದ್ದು ಓಡುತ್ತಿತ್ತು. ಈಗ ಹಿಕ್ಕೆ ಕಾಣುವುದೂ ಅಪರೂಪ.

ಊರಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ, ಹೊಡೆದು ತಿಂದರು ಅಂತ. ನನಗೆ ಅದೊಂದೇ ಕಾರಣ ಅನಿಸುವುದಿಲ್ಲ. ನಮ್ಮ ಅಜ್ಜನ ಕಾಲದಲ್ಲೂ ಬಲೆ ಇತ್ತು, ಉರುಳು ಇತ್ತು, ಬೇಟೆ ನಾಯಿ ಇತ್ತು. ಆದರೂ ಮೊಲ ಇದ್ದವು. ಈಗ ಬದಲಾಗಿರುವುದು ಹೊಲ. ಎರಡೆರಡು ಮಾರು ಅಗಲ ಇದ್ದ ಬದುಗಳನ್ನು ಜೆಸಿಬಿ ತಂದು ಕಿತ್ತು ಹಾಕಿದ್ದೇವೆ. ಕಳ್ಳಿ ಬೇಲಿ ಹೋಗಿ ಕಲ್ಲುಕಂಬ, ತಂತಿ ಬಂತು. ಬೀಳು ಬಿಟ್ಟ ಹೊಲವೇ ಇಲ್ಲ. ಹಗಲು ಹೊತ್ತು ಮೊಲ ಎಲ್ಲಿ ಮಲಗಬೇಕು ಹೇಳಿ?

ಬೇರೆ ಬೇರೆ ಕಡೆಯವರು ನಿಮ್ಮಲ್ಲಿ ಏನು ನೋಡುತ್ತಿದ್ದೀರಿ ಅಂತ ಬರೆಯಿರಿ. ಯಾವ ಬೆಳೆ, ಯಾವ ಮಣ್ಣು, ಕಾವಲು (ದನ ಮೇಯಲು ಬಿಟ್ಟ ಹುಲ್ಲುಗಾವಲು) ಹತ್ತಿರ ಇದೆಯಾ ಅನ್ನುವುದನ್ನೂ ಸೇರಿಸಿದರೆ ಒಳ್ಳೆಯದು.

ಕುರಿಹಟ್ಟಿ

ಅಣ್ಣ, ನಾಯಿಗಳನ್ನು ಮರೆತಿರಿ. ಬೇಟೆ ನಾಯಿ ಅಲ್ಲ, ಹಿಂಡು ಕಟ್ಟಿಕೊಂಡು ತಿರುಗುವ ಬೀದಿ ನಾಯಿ. ನಮ್ಮ ಕಡೆ ಕೋಳಿ ಫಾರಂಗಳು ಜಾಸ್ತಿ ಆಗಿವೆ. ಸತ್ತ ಕೋಳಿ ತಂದು ಹಳ್ಳದ ದಂಡೆಗೆ ಎಸೆಯುತ್ತಾರೆ. ಅದನ್ನು ತಿಂದು ಬೆಳೆದ ನಾಯಿಗಳು ಹೊಲಕ್ಕೆ ಇಳಿಯುತ್ತವೆ. ಕುರಿಮರಿಗಳನ್ನೇ ಬಿಡುವುದಿಲ್ಲ, ಮೊಲದ ಮರಿ ಬಿಡುತ್ತವಾ? ನರಿ ಹಸಿವಾದಾಗ ಒಂದು ಹಿಡಿದು ಹೋಗುತ್ತದೆ. ನಾಯಿ ಹೊಟ್ಟೆ ತುಂಬಿದ್ದರೂ ಅಟ್ಟಿಸಿಕೊಂಡು ಹೋಗುತ್ತದೆ.

ಹುಲ್ಲುಗಾವಲು

ಒಳ್ಳೆಯ ಚರ್ಚೆ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ನಮ್ಮ ಹೊಲದ ಮೊಲ ಮತ್ತು ಮನೆಯಲ್ಲಿ ಸಾಕುವ ಬಿಳಿ ಮೊಲ ಬೇರೆ ಬೇರೆ ಜಾತಿ. ಸಾಕುಮೊಲದ ಮೂಲ ಯುರೋಪಿನದು. ಅದು ಬಿಲ ತೋಡುತ್ತದೆ, ಕಣ್ಣು ಬಿಡದ, ಕೂದಲಿಲ್ಲದ ಮರಿ ಹಾಕುತ್ತದೆ. ನಮ್ಮದರ ವೈಜ್ಞಾನಿಕ ಹೆಸರು ಲೆಪಸ್ ನೈಗ್ರಿಕಾಲಿಸ್. ಕತ್ತಿನ ಹಿಂದೆ ಕಪ್ಪು ಮಚ್ಚೆ, ಬಾಲದ ಮೇಲ್ಭಾಗವೂ ಕಪ್ಪು. ಇದು ಬಿಲ ತೋಡುವುದಿಲ್ಲ. ಮರಿಗಳು ಹುಟ್ಟುವಾಗಲೇ ಮೈತುಂಬ ಕೂದಲು, ಕಣ್ಣು ತೆರೆದಿರುತ್ತದೆ. ಒಂದು ಸಲಕ್ಕೆ ಒಂದರಿಂದ ನಾಲ್ಕು ಮರಿ. ಮಳೆಗಾಲದಲ್ಲಿ ಹಸಿರು ಬಂದಾಗ ಮರಿ ಹಾಕುವುದು ಜಾಸ್ತಿ.

ಬಿಲ ಇಲ್ಲದ ಪ್ರಾಣಿ ಅಂದರೆ ಅದರ ಪೂರ್ತಿ ಬದುಕು ಮರೆಯ ಮೇಲೆ ನಿಂತಿದೆ. ಹಗಲೆಲ್ಲ ಅದು ಹುಲ್ಲಿನ ಬುಡದಲ್ಲಿ ಒಂದು ಗುಳಿ ಮಾಡಿಕೊಂಡು ಕೂತಿರುತ್ತದೆ. ಬೆಳಿಗ್ಗೆ ಬಿಸಿಲೇರುವ ಮುಂಚೆ ನಿಧಾನವಾಗಿ ಹುಡುಕಿದರೆ ಸಿಗುತ್ತದೆ. ಅಂಗೈ ಎರಡು ಜೋಡಿಸಿ ಇಟ್ಟಷ್ಟು ಜಾಗ. ಹಿಂಭಾಗ ಸ್ವಲ್ಪ ಆಳ, ಮುಂದೆ ತೆಳು. ಹುಲ್ಲು ಎರಡು ಕಡೆಯಿಂದ ಬಾಗಿ ಮೇಲೆ ಮುಚ್ಚಿಕೊಂಡಿರುತ್ತದೆ. ಮೊಲ ಈಗಷ್ಟೇ ಎದ್ದು ಹೋಗಿದ್ದರೆ ಮಣ್ಣು ಮುಟ್ಟಿದಾಗ ಬೆಚ್ಚಗಿರುತ್ತದೆ. ಅದು ಕಿವಿಗಳನ್ನು ಬೆನ್ನಿಗೆ ಅಂಟಿಸಿ ಕದಲದೆ ಕೂರುತ್ತದೆ. ಪಕ್ಕದಲ್ಲೇ ಕಾಲಿಟ್ಟ ಮೇಲೆ ಏಳುತ್ತದೆ. ಹುಲ್ಲು ಮೊಣಕಾಲೆತ್ತರ ಇದ್ದರೆ ಈ ಉಪಾಯ ಕೆಲಸ ಮಾಡುತ್ತದೆ. ಗೇಣುದ್ದ ಇದ್ದರೆ ಹದ್ದಿಗೂ ಕಾಣುತ್ತದೆ, ನಾಯಿಗೂ ಕಾಣುತ್ತದೆ.

ಹಾಗಾಗಿ ಹಿರಿಯೂರಿನ ಅಣ್ಣ ಹೇಳಿದ್ದೇ ಮೂಲ ಅಂತ ನನ್ನ ನಂಬಿಕೆ. ಬದು ಹೋದ ಮೇಲೆ ನಾಯಿ, ಬೇಟೆ, ಗಾಡಿ ಎಲ್ಲವೂ ಸುಲಭವಾಗಿ ಕೆಲಸ ಮುಗಿಸುತ್ತವೆ.

ಇನ್ನು ಕಾವಲುಗಳ ವಿಷಯ. ಚಿತ್ರದುರ್ಗ, ತುಮಕೂರು, ಚಿಕ್ಕಮಗಳೂರು ಕಡೆಯ ಅಮೃತಮಹಲ್ ಕಾವಲುಗಳು ದನ ಮೇಯಿಸಲು ಬಿಟ್ಟಿದ್ದ ಹುಲ್ಲುಗಾವಲು. ಸುತ್ತಲಿನ ಹೊಲಗಳಿಗೆ ಮೊಲ ಅಲ್ಲಿಂದಲೂ ಬರುತ್ತಿದ್ದವು. ಬರಗಾಲದಲ್ಲಿ ಹೊಲದಲ್ಲಿ ಕಮ್ಮಿ ಆದರೂ ಎರಡು ಮಳೆ ಚೆನ್ನಾಗಿ ಬಿದ್ದರೆ ಕಾವಲಿನಿಂದ ಮತ್ತೆ ಹರಡಿಕೊಳ್ಳುತ್ತಿದ್ದವು. ಆ ಕಾವಲುಗಳಲ್ಲಿ ಎಷ್ಟೋ ಭಾಗ ಒತ್ತುವರಿಯಾಯಿತು. ಇನ್ನಷ್ಟು ಯೋಜನೆಗಳಿಗೆ ಹೋಯಿತು. ಚಳ್ಳಕೆರೆ ಕಡೆ ಕಾವಲನ್ನು ರಕ್ಷಣಾ, ಸಂಶೋಧನಾ ಸಂಸ್ಥೆಗಳಿಗೆ ಕೊಟ್ಟ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ಕೆಲವು ಕಡೆ ಹುಲ್ಲುಗಾವಲಿಗೆ ಗುಂಡಿ ತೋಡಿ ನೀಲಗಿರಿ, ಅಕೇಶಿಯ ನೆಟ್ಟರು. ರಾಣೆಬೆನ್ನೂರಿನ ಕೃಷ್ಣಮೃಗ ಧಾಮದೊಳಗೇ ನೀಲಗಿರಿ ಬೆಳೆಸಿದ್ದರು ಅಂದರೆ ನೋಡಿ. ಮರ ನೆಟ್ಟರೆ ಕಾಡುಪ್ರಾಣಿಗೆ ಒಳ್ಳೆಯದು ಅನ್ನುವುದು ನಮ್ಮ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ. ಹುಲ್ಲನ್ನು ನಂಬಿದ ಜೀವಕ್ಕೆ ಆ ಮರವೇ ತೊಂದರೆ.

ರಾಗಿ ಅಕ್ಕಡಿ

ನಾನು ಕುಣಿಗಲ್ ಕಡೆಯವಳು. ನಮ್ಮಲ್ಲಿ ಮೊಲ ಇವೆ, ಬೇಕಾದಷ್ಟಿವೆ. ಅಲಸಂದೆ, ಹೆಸರು ಮೊಳಕೆ ಬಂದು ಎರಡೆಲೆ ಆಗುತ್ತಿದ್ದ ಹಾಗೇ ಸಾಲುಸಾಲೇ ಕತ್ತರಿಸಿ ಹಾಕುತ್ತವೆ. ಕತ್ತರಿಯಲ್ಲಿ ಓರೆಯಾಗಿ ಕತ್ತರಿಸಿದ ಹಾಗೆ ಇರುತ್ತದೆ. ಪಪ್ಪಾಯಿ ಸಸಿಯನ್ನೂ ಬಿಟ್ಟಿಲ್ಲ. ಮೊಲ ಉಳಿಯಲಿ ಅಂತ ನನಗೂ ಆಸೆ. ಆದರೆ ನಷ್ಟ ಆಗುವುದು ರೈತರಿಗೆ ತಾನೆ? ಅದನ್ನೂ ಮಾತಾಡಿ.

ಹಿರಿಯೂರು ಹೊಲ

ಅಕ್ಕ, ನೀವು ಹೇಳುವುದು ನಿಜ. ನಷ್ಟ ಇಲ್ಲ ಅಂತ ಯಾರೂ ಹೇಳಬಾರದು. ಒಂದು ಕೇಳುತ್ತೇನೆ. ನಿಮ್ಮ ಹೊಲದ ಸುತ್ತ ಏನಿದೆ? ಅಕ್ಕಡಿ ಸಾಲು ಈಗಲೂ ಹಾಕುತ್ತೀರಾ?

ರಾಗಿ ಅಕ್ಕಡಿ

ಹಾಕುತ್ತೇವೆ. ರಾಗಿ ಮಧ್ಯೆ ಅವರೆ, ತೊಗರಿ, ಹುಚ್ಚೆಳ್ಳು, ಜೋಳ. ಬದುವಿನಲ್ಲಿ ಹೊಂಗೆ, ತಂಗಡಿ, ಲಂಟಾನ ಪೊದೆ ಇದೆ. ಪಕ್ಕದಲ್ಲಿ ಗೋಮಾಳ, ಸ್ವಲ್ಪ ಕಲ್ಲುಗುಡ್ಡ. ರಾಗಿ ಕೊಯ್ದ ಮೇಲೂ ಅವರೆ, ತೊಗರಿ ಹೊಲದಲ್ಲೇ ನಿಂತಿರುತ್ತದೆ.

ಹಿರಿಯೂರು ಹೊಲ

ನೋಡಿದಿರಾ, ಉತ್ತರ ಇಲ್ಲೇ ಇದೆ! ನಿಮ್ಮ ಹೊಲ ಒಂದೇ ದಿನ ಬೋಳಾಗುವುದಿಲ್ಲ. ನಮ್ಮಲ್ಲಿ ಮೆಕ್ಕೆಜೋಳ ಎಲ್ಲರದ್ದೂ ಒಂದೇ ವಾರ ಕಟಾವು. ನೂರಾರು ಎಕರೆ ಒಟ್ಟಿಗೆ ಬಯಲಾಗುತ್ತದೆ. ತಿನ್ನಲು ಹಸಿರಿಲ್ಲ, ಅಡಗಲು ಗಿಡವಿಲ್ಲ. ಅದರ ಮೇಲೆ ಬದುವಿಗೂ ಕಳೆನಾಶಕ ಹೊಡೆಯುತ್ತಾರೆ. ಬೆಳೆಗೆ ಹೊಡೆದು ಉಳಿದ ಔಷಧಿ ಟ್ಯಾಂಕಿನಲ್ಲಿ ಇರುತ್ತಲ್ಲ, ಸುಮ್ನೆ ಬದುವಿಗೆ ಸುರಿದು ಬರುತ್ತಾರೆ. ಮೊಲಕ್ಕೆ ಉಳಿದಿದ್ದ ಕೊನೆಯ ಗರಿಕೆ, ಕೊನೆಯ ಸೊಪ್ಪು ಅದು.

ದೂರದೇಶಿ

ನಾನು ದಾವಣಗೆರೆಯವನು, ಈಗ ಜರ್ಮನಿಯಲ್ಲಿದ್ದೇನೆ. ಇಲ್ಲಿ ಇದೇ ಚರ್ಚೆ ಎಷ್ಟೋ ವರ್ಷದಿಂದ ನಡೆಯುತ್ತಿದೆ. ಹಾಗಾಗಿ ಬರೆಯಬೇಕು ಅನಿಸಿತು.

ಇಲ್ಲಿನ ಕಂದು ಮೊಲ ನಮ್ಮದರ ಹತ್ತಿರದ ನೆಂಟ, ಗಾತ್ರದಲ್ಲಿ ದೊಡ್ಡದು. ಅದಕ್ಕೂ ಬಿಲ ಇಲ್ಲ. 1960ರ ದಶಕದಿಂದ ಯುರೋಪಿನ ಬಹಳಷ್ಟು ಕಡೆ ಇದರ ಸಂಖ್ಯೆ ಇಳಿಯುತ್ತಾ ಬಂತು. ಜರ್ಮನಿಯ ಕೆಂಪು ಪಟ್ಟಿಯಲ್ಲಿ ಇದು ಅಪಾಯದಲ್ಲಿರುವ ಪ್ರಾಣಿ ಅಂತಲೇ ಇದೆ. ಬೇಟೆಯೇ ಕಾರಣ ಅಂತ ಮೊದಮೊದಲು ಇಲ್ಲೂ ಹೇಳುತ್ತಿದ್ದರು. ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಮುಖ್ಯ ಕಾರಣ ಬೇಸಾಯ ಬದಲಾದದ್ದು ಅಂತ ಕಂಡಿತು. ಚಿಕ್ಕ ಹೊಲಗಳನ್ನು ಕೂಡಿಸಿ ದೊಡ್ಡದು ಮಾಡಿದರು. ಬೇಲಿಸಾಲು ಕಿತ್ತರು. ನಾಲ್ಕಾರು ಬೆಳೆ ಇದ್ದ ಕಡೆ ಒಂದೇ ಬೆಳೆ ಬಂತು. ಬೇಸಿಗೆಯಲ್ಲಿ ಗೋಧಿ ಎತ್ತರ ಬೆಳೆದು ದಟ್ಟವಾದಾಗ ಮೊಲಕ್ಕೆ ಅದು ಪ್ರಯೋಜನಕ್ಕೆ ಬರುವುದಿಲ್ಲ. ಕೊಯ್ಲಾದ ಮೇಲೆ ಪೂರ್ತಿ ಬಯಲು. ಅಕ್ಕ ಹೇಳಿದ ಅಕ್ಕಡಿ ಸಾಲಿನ ಬೆಲೆ ನನಗೆ ಇಲ್ಲಿ ಕೂತು ಓದುವಾಗ ಚೆನ್ನಾಗಿ ಗೊತ್ತಾಗುತ್ತಿದೆ.

ಇನ್ನೂ ಕೆಲವು ಸಂಗತಿ. ದನಗಳಿಗೆ ಹಸಿಮೇವು ಶೇಖರಿಸಲು ಹುಲ್ಲನ್ನು ಯಂತ್ರದಲ್ಲಿ ಪದೇ ಪದೇ ಕೊಯ್ಯುತ್ತಾರೆ. ಮರಿಗಳು ಓಡುವುದಿಲ್ಲ, ಒತ್ತಿಕೊಂಡು ಕೂರುತ್ತವೆ. ಯಂತ್ರಕ್ಕೆ ಸಿಕ್ಕಿ ಸಾಯುತ್ತವೆ. ಇನ್ನೊಂದು ನರಿ. ಹುಚ್ಚುನಾಯಿ ರೋಗ (ರೇಬಿಸ್) ತಡೆಯಲು ಇಲ್ಲಿ 1980ರ ದಶಕದಿಂದ ನರಿಗಳಿಗೆ ಆಹಾರದಲ್ಲಿ ಲಸಿಕೆ ಇಟ್ಟರು. 2008ಕ್ಕೆ ಜರ್ಮನಿಯಲ್ಲಿ ಆ ರೋಗ ಹೋಯಿತು. ನರಿಗಳ ಸಂಖ್ಯೆ ಏರಿತು. ಮರೆ ಕಮ್ಮಿ ಇರುವ ಹೊಲದಲ್ಲಿ ಅದರ ಹೊಡೆತ ಮೊಲಕ್ಕೆ ಬಿತ್ತು. ರೋಗವೂ ಇದೆ. 1980ರಲ್ಲಿ ಸ್ವೀಡನ್‌ನಲ್ಲಿ ಮೊಲಗಳ ಯಕೃತ್ತಿಗೆ ಬರುವ ಒಂದು ವೈರಸ್ ರೋಗ ಮೊದಲು ಗಮನಕ್ಕೆ ಬಂತು, ಆಮೇಲೆ ಯುರೋಪಿನ ಉದ್ದಗಲಕ್ಕೂ ಕಾಣಿಸಿಕೊಂಡಿತು.

ಒಂದು ಸಮಾಧಾನದ ಸುದ್ದಿಯೂ ಹೇಳುತ್ತೇನೆ. ಯುರೋಪಿನಲ್ಲಿ ಧಾನ್ಯ ಜಾಸ್ತಿಯಾದಾಗ ರೈತರು ಒಂದಷ್ಟು ಜಮೀನು ಬೀಳು ಬಿಡಬೇಕು ಅಂತ 1992ರಲ್ಲಿ ನಿಯಮ ಬಂತು. ಅದು ಬೆಲೆ ಹಿಡಿಯಲು ಮಾಡಿದ ನಿಯಮ. ಆದರೆ ಆ ಬೀಳುಗಳು ಮೊಲಕ್ಕೂ ಹಕ್ಕಿಗಳಿಗೂ ಆಸರೆಯಾದವು. 2008ರಲ್ಲಿ ನಿಯಮ ತೆಗೆದಾಗ ಅವೂ ಉಳುಮೆಗೆ ಹೋದವು.

ಕುರಿಹಟ್ಟಿ

ಅಲ್ಲಿ ನರಿ ಜಾಸ್ತಿ. ನಮ್ಮಲ್ಲಿ ನರಿ, ತೋಳ, ಕಾಡುಬೆಕ್ಕು ಎಲ್ಲವೂ ಕಮ್ಮಿ. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಕ್ಕೇ ಒಂದು ಧಾಮ ಮಾಡಬೇಕಾಯಿತು. ತಿನ್ನುವವರು ಕಮ್ಮಿ ಆದರೂ ಮೊಲ ಜಾಸ್ತಿ ಆಗಿಲ್ಲ ಅಂದರೆ ತೊಂದರೆ ಕಾಡುಪ್ರಾಣಿಯಿಂದ ಅಲ್ಲ ಅಲ್ವಾ?

ಹುಲ್ಲುಗಾವಲು

ಅಲ್ಲವೇ ಅಲ್ಲ. ತೋಳ, ನರಿಗೂ ಮೊಲ ಮುಖ್ಯ ಊಟ. ಮೊಲ ಕಮ್ಮಿಯಾದರೆ ತೋಳ ನಿಮ್ಮ ಕುರಿಯ ಕಡೆ ಇನ್ನೂ ಜಾಸ್ತಿ ತಿರುಗುತ್ತದೆ. ಕುರಿಗಾರರಿಗೂ ಮೊಲ ಬೇಕು ಅನ್ನುವುದು ಇದಕ್ಕೇ.

ಕೂಡ್ಲಿಗಿ ಕಲ್ಲುಗುಡ್ಡ

ಎಲ್ಲರೂ ಬದು, ಬೆಳೆ ಅಂತ ಬರೆಯುತ್ತಿದ್ದೀರಿ. ಬೇಟೆಯನ್ನು ಇಷ್ಟು ಸಣ್ಣದು ಮಾಡಬೇಡಿ ದಯವಿಟ್ಟು. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುತ್ತಿಲ್ಲ, ಮರೆ ಬೇಕು ಅನ್ನುವುದು ಒಪ್ಪುತ್ತೇನೆ. ಆದರೆ ಅಜ್ಜನ ಕಾಲದ ಬೇಟೆಯೇ ಬೇರೆ, ಈಗಿನದೇ ಬೇರೆ.

ಆಗ ಬಲೆ ಹಾಕಿ, ನಾಲ್ಕು ಜನ ಗದ್ದಲ ಮಾಡಿ ಓಡಿಸಿ ಹಿಡಿಯಬೇಕಿತ್ತು. ಹತ್ತು ಸಲ ಹೋದರೆ ಎಂಟು ಸಲ ಬರಿಗೈ. ಈಗ ಬೈಕು, ತಲೆಗೆ ಕಟ್ಟುವ ಎಲ್‌ಇಡಿ ಲೈಟು. ಬೆಳಕು ಕಣ್ಣಿಗೆ ಬಿದ್ದರೆ ಮೊಲ ಎತ್ತ ಹೋಗಬೇಕೋ ತೋಚದೆ ನಿಂತುಬಿಡುತ್ತದೆ. ದೊಣ್ಣೆ ಸಾಕು. ಒಂದೇ ರಾತ್ರಿ ಮೂರು ಊರಿನ ಹೊಲ ಜಾಲಾಡಿ ಬರುತ್ತಾರೆ. ಹಿಡಿದದ್ದನ್ನು ಫೋನಿನಲ್ಲಿ ಫೋಟೋ ಕಳಿಸಿ ಮಾರುತ್ತಾರೆ. ಮನೆಗೆ ಸಾರು ಮಾಡಲು ಹಿಡಿಯುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸ ಇದೆ.

ಯುಗಾದಿ ಆದ ಮೇಲೆ ನಡೆಯುವ ಬೇಟೆಯೂ ಹಾಗೇ. ಬಿರುಬೇಸಿಗೆ, ಹೊಲ ಪೂರ್ತಿ ಬೋಳು, ಉಳಿದಿರುವ ಮೊಲ ಎಲ್ಲ ಒಂದೆರಡು ಪೊದೆಗಳಲ್ಲಿ ಸೇರಿಕೊಂಡಿರುತ್ತವೆ. ಅಲ್ಲಿಗೇ ನುಗ್ಗಿದರೆ ಮುಂಗಾರಿಗೆ ಮರಿ ಹಾಕಬೇಕಾದ ಮೊಲಗಳೇ ಹೋಗುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಮೊಲ ಹಿಡಿಯುವುದು, ಮಾಂಸ ಮಾರುವುದು ಅಪರಾಧ. ಎಷ್ಟೋ ಹುಡುಗರಿಗೆ ಇದು ಗೊತ್ತೇ ಇಲ್ಲ. ಚಿರತೆ, ಜಿಂಕೆಗೆ ಮಾತ್ರ ಕಾನೂನು ಅಂದುಕೊಂಡಿದ್ದಾರೆ.

ನಿವೃತ್ತ ಮೇಷ್ಟ್ರು

ಬೇಟೆಯ ಹಬ್ಬದ ಬಗ್ಗೆ ಬಂದಿದ್ದಕ್ಕೆ ಒಂದು ಮಾತು. ನಮ್ಮ ಚಿತ್ರದುರ್ಗ ಜಿಲ್ಲೆಯ ಕೆಲವು ಊರುಗಳಲ್ಲಿ ಸಂಕ್ರಾಂತಿಗೆ ಮೊಲ ಹಿಡಿದು, ಪೂಜೆ ಮಾಡಿ, ಕಿವಿಗೆ ಓಲೆ ಹಾಕಿ, ದೇವರ ಮುಂದೆ ಸುತ್ತಿಸಿ ಮತ್ತೆ ಕಾಡಿಗೆ ಬಿಡುವ ಪದ್ಧತಿ ಇದೆ. ಕೊಲ್ಲಬಾರದು ಅನ್ನುವ ಭಾವನೆ ಅದರಲ್ಲಿದೆ. ಅದು ದೊಡ್ಡದು. ಆದರೆ ಕಾಡುಮೊಲ ಬಹಳ ಹೆದರುವ ಪ್ರಾಣಿ. ಅಟ್ಟಿಸಿ ಹಿಡಿದು, ತಮಟೆ ಸದ್ದಿನ ಮಧ್ಯೆ ಹಿಡಿದುಕೊಂಡರೆ ಬಿಟ್ಟ ಮೇಲೂ ಆ ಗಾಬರಿಯಲ್ಲೇ ಸಾಯಬಹುದು. ಹಿರಿಯರು ಕೂತು ಮಾತಾಡಿ, ಮೊಲವನ್ನು ಹಿಡಿಯದೆಯೇ ಆ ಹಬ್ಬ ಮಾಡುವ ದಾರಿ ಹುಡುಕಿದರೆ ದೇವರೂ ಬೇಸರ ಮಾಡಿಕೊಳ್ಳುವುದಿಲ್ಲ ಅಂತ ನನ್ನ ಅನಿಸಿಕೆ. ಮಣ್ಣಿನ ಮೊಲ ಮಾಡಿ ಓಲೆ ಹಾಕಬಹುದು. ಊರಿನ ಮಕ್ಕಳೇ ಮಾಡಿಕೊಡುತ್ತಾರೆ.

ಕೂಡ್ಲಿಗಿ ಕಲ್ಲುಗುಡ್ಡ

ಮೇಷ್ಟ್ರೇ, ಒಳ್ಳೆಯ ಮಾತು. ನಮ್ಮ ಹಳ್ಳಿಯಲ್ಲಿ ಇಂಥದ್ದನ್ನು ಹೇಳಿದರೆ ನಿಮ್ಮಂಥ ಹಿರಿಯರೇ ಹೇಳಬೇಕು. ನಾವು ಹುಡುಗರು ಹೇಳಿದರೆ ಜಗಳ ಆಗುತ್ತದೆ.

ಕೃಷಿ ಓದಿದವನು

ಔಷಧಿಗಳ ಬಗ್ಗೆ ಯಾರೂ ವಿವರವಾಗಿ ಬರೆದಿಲ್ಲ. ಮೊಲ ರಾತ್ರಿ ಎಳೆ ಚಿಗುರು ತಿನ್ನುವ ಪ್ರಾಣಿ. ನಾವು ಗುಳಿಗೆ ಔಷಧಿ ಹಾಕುವುದು, ಸಿಂಪಡಿಸುವುದು ಅದೇ ಎಳೆ ಬೆಳೆಗೆ. ಫೋರೇಟ್ ಅಂತ ಒಂದು ಗುಳಿಗೆ ಇತ್ತು, ಹಳ್ಳಿಗಳಲ್ಲಿ ತಿಮೆಟ್ ಅಂತಲೇ ಕರೆಯುತ್ತಿದ್ದರು. ಘಾಟು ವಾಸನೆ ನೆನಪಿರಬೇಕು ನಿಮಗೆ. ಬಹಳ ತೀಕ್ಷ್ಣ ವಿಷ. 2020ರ ಡಿಸೆಂಬರ್ 31ರಿಂದ ದೇಶದಲ್ಲಿ ಅದರ ಮಾರಾಟ, ಬಳಕೆ ನಿಷೇಧ ಆಗಿದೆ. ಯಾರ ಕೊಟ್ಟಿಗೆಯಲ್ಲಾದರೂ ಹಳೆಯ ಪ್ಯಾಕೆಟ್ ಉಳಿದಿದ್ದರೆ ದಯವಿಟ್ಟು ಹೊಲಕ್ಕೆ ಹಾಕಬೇಡಿ.

ಆದರೂ ವಿಷ ತಿಂದು ಸಾಯುವುದಕ್ಕಿಂತ ಕಳೆನಾಶಕದಿಂದ ಆಹಾರ ಹೋಗುವುದೇ ದೊಡ್ಡ ಪೆಟ್ಟು ಅಂತ ನನ್ನ ಲೆಕ್ಕ. ಮೊಲ ಒಂದೇ ಸೊಪ್ಪು ತಿಂದು ಬದುಕುವುದಿಲ್ಲ. ಮಳೆಗಾಲದಲ್ಲಿ ಹುಲ್ಲು, ಬೇಸಿಗೆಯಲ್ಲಿ ಬೇರೆ ಗಿಡದ ಚಿಗುರು, ಎಲೆ, ತೊಗಟೆ. ನಾವು ಕಳೆ ಅನ್ನುವ ಹತ್ತಾರು ಗಿಡ ಅದರ ತಟ್ಟೆಯಲ್ಲಿ ಇರಬೇಕು. ನೀರಿನ ಬಗ್ಗೆ ಅಷ್ಟು ಚಿಂತೆ ಬೇಡ, ಹಸಿರಿನ ತೇವದಲ್ಲೇ ಬಹಳ ದಿನ ತಳ್ಳುತ್ತದೆ. ಅದಕ್ಕೇ ಬರ ಬಂದಾಗ ಕೆರೆ ಬತ್ತಿದ್ದಕ್ಕಿಂತ ಹಸಿರು ಬತ್ತಿದ್ದು ಅದನ್ನು ಕೊಲ್ಲುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆಯಿತಲ್ಲ, ಅಂಥ ವರ್ಷ ಬದುವಿನ ಹಸಿರು ಎಷ್ಟು ಮುಖ್ಯ ಯೋಚಿಸಿ.

ರಾಗಿ ಅಕ್ಕಡಿ ಮೇಡಂಗೆ ಒಂದು ಸಲಹೆ. ಮೊಳಕೆ ಬಂದ ಮೊದಲ ಎರಡು ಮೂರು ವಾರ ಮಾತ್ರ ಜಾಸ್ತಿ ಹಾನಿ. ಆ ಸಮಯಕ್ಕೆ ಗೋಮಾಳದ ಕಡೆಯ ಅಂಚಿಗೆ ಹಳೆಯ ನೈಲಾನ್ ಸೀರೆ ಅಥವಾ ನೆಟ್ ಎರಡಡಿ ಎತ್ತರ ಕಟ್ಟಿ, ಬುಡಕ್ಕೆ ಮಣ್ಣು ಒತ್ತಿ. ಸಸಿಗಳಿಗೆ ಬುಡದ ಸುತ್ತ ಜಾಲರಿ. ಬೆಳೆ ಮೊಣಕಾಲಿಗೆ ಬಂದ ಮೇಲೆ ಬಿಚ್ಚಿಬಿಡಿ.

ರಾಗಿ ಅಕ್ಕಡಿ

ಸೀರೆ ಕಟ್ಟುವುದು ಹಂದಿಗೆ ಮಾಡುತ್ತೇವೆ, ಎತ್ತರಕ್ಕೆ ಕಟ್ಟುತ್ತೇವೆ. ಬುಡಕ್ಕೆ ಮಣ್ಣು ಒತ್ತಬೇಕು ಅನ್ನುವುದು ಹೊಳೆದಿರಲಿಲ್ಲ. ಈ ಸಲ ಮಾಡುತ್ತೇನೆ.

ಪಾವಗಡ ಗಾಳಿ

ನಮ್ಮ ಕಡೆ ಸೋಲಾರ್ ಪಾರ್ಕ್ ಬಂದಿದೆ. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಮಳೆ ಇಲ್ಲದ ಊರಿಗೆ ಗುತ್ತಿಗೆ ದುಡ್ಡು ಬಂದಿದ್ದು ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಬೀಳು, ಶೇಂಗಾ ಹೊಲ, ಕುರಿ ಮೇಯುವ ಜಾಗ ಎಲ್ಲ ಬೇಲಿಯ ಒಳಗೆ ಹೋಯಿತು. ಬೇಲಿ ಉದ್ದಕ್ಕೂ ಮೊಲ ಅತ್ತಿತ್ತ ಓಡುವುದನ್ನು ನೋಡಿದ್ದೇನೆ. ಕೆಲವು ಕಡೆ ಪ್ಯಾನೆಲ್ ಕೆಳಗೆ ಹುಲ್ಲು ಚೆನ್ನಾಗಿ ಬೆಳೆಯುತ್ತದೆ. ಒಳಗೆ ನಾಯಿಯೂ ಇಲ್ಲ, ಬೇಟೆಯೂ ಇಲ್ಲ. ಬೇಲಿ ಬುಡದಲ್ಲಿ ಅಲ್ಲಲ್ಲಿ ಗೇಣಗಲ ಸಂದು ಬಿಟ್ಟರೆ ಅದೇ ಒಂದು ಆಸರೆ ಆಗಬಹುದು ಅಲ್ವಾ?

ಹುಲ್ಲುಗಾವಲು

ಆಗಬಹುದು. ಹುಲ್ಲನ್ನು ಪೂರ್ತಿ ಬೋಳಿಸದೆ ಇದ್ದರೆ ಮಾತ್ರ.

ಒಂದು ಕೆಲಸ ಎಲ್ಲರೂ ಸೇರಿ ಮಾಡೋಣ ಅಂತ ಆಸೆ. ಎಣಿಕೆ. ರಾತ್ರಿ ಲೈಟ್ ಹಾಕಿ ಎಣಿಸುವುದು ಬೇಡ, ಬೇಟೆಗಾರರು ಅಂತ ಊರವರು ಹಿಡಿಯುತ್ತಾರೆ. ಹಿಕ್ಕೆ ಎಣಿಸೋಣ. ಹೊಲದಲ್ಲಿ ಗುರುತಿಗೆ ಒಂದು ಗೂಟ ಹೊಡೆಯಿರಿ. ಅದಕ್ಕೆ ಒಂದು ಮೀಟರ್ ಹಗ್ಗ ಕಟ್ಟಿ ಸುತ್ತಿಸಿ ವೃತ್ತ ಮಾಡಿ. ಒಳಗಿನ ಹಿಕ್ಕೆ ಎಲ್ಲ ಆರಿಸಿ ತೆಗೆಯಿರಿ. ತಿಂಗಳು ಬಿಟ್ಟು ಹೊಸದಾಗಿ ಎಷ್ಟು ಬಿದ್ದಿದೆ ನೋಡಿ. ಬದುವಿನಲ್ಲಿ ಕೆಲವು ವೃತ್ತ, ಹೊಲದ ನಡುವೆ ಕೆಲವು.

ಕುರಿ, ಮೇಕೆ ಹಿಕ್ಕೆ ಜೊತೆ ಬೆರೆಸಬೇಡಿ. ಕುರಿಯದು ಕಪ್ಪು, ನುಣುಪು, ಉದ್ದುದ್ದ. ಮೊಲದ್ದು ದುಂಡಗೆ, ಸ್ವಲ್ಪ ಚಪ್ಪಟೆ, ಒಣಹುಲ್ಲಿನ ಬಣ್ಣ. ಬೆರಳಲ್ಲಿ ಹಿಸುಕಿದರೆ ನಾರುನಾರಾಗಿ ಪುಡಿಯಾಗುತ್ತದೆ.

ಇದರಿಂದ ಮೊಲ ಎಷ್ಟಿವೆ ಅನ್ನುವ ಸಂಖ್ಯೆ ಸಿಗುವುದಿಲ್ಲ. ಆದರೆ ಬದು ಇರುವ ಹೊಲಕ್ಕೂ ಇಲ್ಲದ ಹೊಲಕ್ಕೂ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಪಂಚಾಯ್ತಿಯಲ್ಲಿ, ಅರಣ್ಯ ಇಲಾಖೆಯಲ್ಲಿ ಮಾತಾಡುವಾಗ ಕೈಯಲ್ಲಿ ಏನಾದರೂ ಇರಬೇಕಲ್ಲ.

ಹಿರಿಯೂರು ಹೊಲ

ನಾನು ಮಾಡುತ್ತೇನೆ. ಪಕ್ಕದ ಹೊಲದವರನ್ನೂ ಒಪ್ಪಿಸುತ್ತೇನೆ. ನಮ್ಮ ಪಡುವಣ ಬದು ಒಂದು ಉಳಿದಿದೆ, ಅದನ್ನು ಕೀಳಲು ಬಿಡುವುದಿಲ್ಲ. ಕಿತ್ತ ಕಡೆಯೂ ಮೂರಡಿ ಅಗಲ ಬಿಟ್ಟು ಬಾದೆ ಹುಲ್ಲು, ತಂಗಡಿ ಬರಲು ಬಿಡಬೇಕು ಅಂತಿದ್ದೇನೆ. ಎರಡು ಪ್ರಶ್ನೆ. ಬದುವಿನ ಹುಲ್ಲು ದನಕ್ಕೆ ಬೇಕು, ಯಾವಾಗ ಕೊಯ್ದರೆ ಮೊಲಕ್ಕೆ ತೊಂದರೆ ಕಮ್ಮಿ? ಮೆಕ್ಕೆಜೋಳ ಕಟಾವಿಗೆ ಯಂತ್ರ ಬಂದಾಗ ಏನು ಮಾಡಬೇಕು?

ದೂರದೇಶಿ

ಯಂತ್ರದ ವಿಷಯಕ್ಕೆ ಇಲ್ಲಿ ರೈತರಿಗೆ ಹೇಳಿಕೊಡುವುದು ಒಂದೇ. ಅಂಚಿನಿಂದ ಸುತ್ತುತ್ತಾ ಒಳಗೆ ಹೋಗಬೇಡಿ, ಪ್ರಾಣಿಗಳು ನಡುವೆ ಸಿಕ್ಕಿಬೀಳುತ್ತವೆ. ನಡುವಿನಿಂದ ಶುರು ಮಾಡಿ ಹೊರಗೆ ಬನ್ನಿ, ಇಲ್ಲದಿದ್ದರೆ ಒಂದು ಕಡೆಯಿಂದ ಬದು ಇರುವ ಕಡೆಗೆ ಹೋಗಿ. ದೊಡ್ಡ ಮೊಲಗಳು ತಪ್ಪಿಸಿಕೊಳ್ಳುತ್ತವೆ. ಮರಿ ಇರುವ ಅನುಮಾನ ಇದ್ದರೆ ಹಿಂದಿನ ಸಂಜೆ ಒಬ್ಬರು ಸಾಲಿನಲ್ಲಿ ಓಡಾಡಿ ಬನ್ನಿ. ಒಂಟಿ ಮರಿ ಕಂಡರೆ ತಾಯಿ ಬಿಟ್ಟು ಹೋಗಿದೆ ಅಂತ ಮನೆಗೆ ಒಯ್ಯಬೇಡಿ. ಇಲ್ಲಿನ ಮೊಲ ದಿನಕ್ಕೆ ಒಂದೇ ಸಲ, ಹೊತ್ತು ಮುಳುಗಿದ ಮೇಲೆ ಬಂದು ಹಾಲು ಕೊಟ್ಟು ಹೋಗುತ್ತದೆ.

ಹುಲ್ಲುಗಾವಲು

ಹುಲ್ಲಿಗೆ ನನ್ನ ಸಲಹೆ, ಬದುವನ್ನು ಉದ್ದಕ್ಕೆ ಎರಡು ಭಾಗ ಮಾಡಿಕೊಳ್ಳಿ. ಒಂದು ಭಾಗ ದೀಪಾವಳಿ ಹೊತ್ತಿಗೆ ಕೊಯ್ಯಿರಿ. ಇನ್ನೊಂದು ಭಾಗ ಮುಂದಿನ ಮುಂಗಾರು ಹಸಿರು ಬರುವವರೆಗೆ ಮುಟ್ಟಬೇಡಿ, ಬೆಂಕಿಯನ್ನಂತೂ ಹಾಕಲೇಬೇಡಿ. ಮರುವರ್ಷ ಅದಲು ಬದಲು. ಕುಡುಗೋಲಿನಲ್ಲೇ ಕೊಯ್ಯಿರಿ, ಬ್ರಷ್ ಕಟರ್ ಬೇಡ.

ಕುರಿಹಟ್ಟಿ

ಆ ಬಿಟ್ಟ ಭಾಗಕ್ಕೆ ನಮ್ಮ ಕುರಿ ನುಗ್ಗದ ಹಾಗೆ ಜಾಲಿ ಮುಳ್ಳು ಹಾಕಿ ಅಣ್ಣ. ನಮ್ಮ ಹಟ್ಟಿಯವರಿಗೆ ನಾನು ಹೇಳಿರುತ್ತೇನೆ. ಕೋಳಿ ಫಾರಂನವರ ಹತ್ತಿರವೂ ಮಾತಾಡುತ್ತೇವೆ, ಸತ್ತ ಕೋಳಿಗೆ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿ ಅಂತ. ಗುಂಡಿ ತೋಡಲು ಬೇಕಾದರೆ ನಾವೇ ನಾಲ್ಕು ಜನ ಬರುತ್ತೇವೆ.